ಮೂವರು ಬಸವರಾಜರು, ಒಂದು ಅಡ್ಮಿನ್ ಪಾಸ್‌ವರ್ಡ್: ಅಕ್ಕಿ ಮಿಲ್ಲಿನ ಕೆಲಸದ ಡೈರಿ

ಪಾಸ್‌ವರ್ಡ್ ಗೋಡೆ ಮೇಲಿತ್ತು. ಚೀಟಿಯಲ್ಲ, ಸ್ಟಿಕ್ಕರ್ ಅಲ್ಲ. ಚೀಲಕ್ಕೆ ಗುರುತು ಹಾಕುವ ನೀಲಿ ಮಾರ್ಕರ್‌ನಿಂದ ಕಾಟಾ ರೂಮಿನ (ಲಾರಿ ತೂಗುವ ಕೋಣೆ) ಸುಣ್ಣದ ಗೋಡೆಗೇ ಬರೆದಿದ್ದರು, ಅಂಗೈ ಅಗಲದ ಅಕ್ಷರ. ಮಿಲ್ಲಿನ ಹೆಸರು, ಮುಂದೆ 123. ಅದರ ಕೆಳಗೆ ಯಾರೋ ಲಾರಿ ಡ್ರೈವರ್‌ನ ಫೋನ್ ನಂಬರು.

ರಾಯಚೂರಿನಿಂದ ಮಾನ್ವಿ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಅಕ್ಕಿ ಮಿಲ್ಲು. ಹೆಸರು ಬೇಡ. ನಾನು ಊರಲ್ಲಿ ಕಂಪ್ಯೂಟರ್, ಕ್ಯಾಮೆರಾ, ನೆಟ್‌ವರ್ಕ್ ಕೆಲಸ ಮಾಡುವವನು. ಅವರ ಕ್ಯಾಮೆರಾ ಹಾಕಿದ್ದೂ ನಾನೇ. 2025ರ ಶ್ರಾವಣದಲ್ಲಿ, ಆಗಸ್ಟ್ ಮೊದಲ ವಾರ, ಸಾವ್ಕಾರ್ರು, ಅಂದರೆ ಮಿಲ್ಲಿನ ಮಾಲೀಕರು, ಫೋನ್ ಮಾಡಿ ಕರೆಸಿದರು. ಒಂದು ಭತ್ತದ ಲೋಡಿನ ದರ ಬಿಲ್ ಆದಮೇಲೆ ಬದಲಾಗಿತ್ತು. ಕ್ವಿಂಟಲ್‌ಗೆ 60 ರೂಪಾಯಿ ಜಾಸ್ತಿ. 180 ಕ್ವಿಂಟಲ್ ಲೋಡು. 10,800 ರೂಪಾಯಿ ಹೆಚ್ಚಿಗೆ ಹೋಗಿಬಿಟ್ಟಿತ್ತು.

ಸಾಫ್ಟ್‌ವೇರ್ ತೆಗೆದು ನೋಡಿದೆ. ಯಾವಾಗ ಬದಲಾಯಿತು ಅಂತ ಇದೆ. ಯಾರು ಬದಲಾಯಿಸಿದ್ದು ಅನ್ನೋ ಕಡೆ 'ಅಡ್ಮಿನ್' ಅಂತ ಇದೆ, ಗೋಡೆ ಮೇಲಿನ ಪಾಸ್‌ವರ್ಡ್ ಹಾಕಿ ಯಾರು ಬೇಕಾದರೂ ತೆರೆಯಬಹುದಾದ ಖಾತೆ. ಕ್ಯಾಮೆರಾದಲ್ಲಿ ಉಳಿಯೋದು 15 ದಿನದ ವಿಡಿಯೋ. ಇದು ಆಗಿ ಒಂದು ತಿಂಗಳು ದಾಟಿತ್ತು.

"ಯಾರು ಮಾಡ್ಯಾರ ಹೇಳ್ರಿ" ಅಂದರು ಸಾವ್ಕಾರ್ರು.

"ಅದು ಆಗಲ್ರೀ. ಇನ್ಮುಂದೆ ಯಾರು ಮಾಡ್ತಾರೆ ಅಂತ ಗೊತ್ತಾಗೋ ಹಂಗ ಮಾಡಬಹುದು."

ಹೊರಗೆ ಬೆಂಚಿನ ಮೇಲೆ ಮೂವರು ಕೂತಿದ್ದರು. ಬೆಳಿಗ್ಗೆಯಿಂದ ಅವರನ್ನೇ ವಿಚಾರಿಸುತ್ತಿದ್ದರಂತೆ. ಮೂವರ ಮುಖವೂ ಸಪ್ಪಗಿತ್ತು. ತಪ್ಪು ಮಾಡಿದವನು ಒಬ್ಬನೇ ಇರಬಹುದು, ಅಥವಾ ಯಾರೂ ಇಲ್ಲದಿರಬಹುದು, ಬೇರೆ ಲೋಡಿಗೆ ಹಾಕಬೇಕಾದ ದರವನ್ನು ಕೈತಪ್ಪಿ ಇದಕ್ಕೆ ಹಾಕಿರಬಹುದು. ಆದರೆ ಸಂಶಯ ಮಾತ್ರ ಮೂವರ ಮೇಲೂ. ಹಂಚಿಕೊಂಡ ಪಾಸ್‌ವರ್ಡ್‌ನಿಂದ ಮಾಲೀಕರಿಗೆ ನಷ್ಟ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಅವತ್ತು ಕಂಡಿದ್ದು ಬೆಂಚಿನ ಮೇಲಿನ ನಷ್ಟ.

ಆ ಮೂವರ ಹೆಸರೂ ಬಸವರಾಜ.

ಮೊದಲ ನಾಲ್ಕು ದಿನ: ಬರೀ ಪಟ್ಟಿ

ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಟ್ಟು, ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸರ್ವರ್ ತರೋದಕ್ಕೆ ಮುಂಚೆ ನಾಲ್ಕು ದಿನ ಪೆನ್ನು, ಪೇಪರ್ ಹಿಡಿದು ಕೂತೆ. ಸಂಬಳದ ರಿಜಿಸ್ಟರ್ ಒಂದು ಕಡೆ. 11 ಕಂಪ್ಯೂಟರ್‌ಗಳು, ಲೆಕ್ಕ ಬರೆಯುವ ಟ್ಯಾಲಿ, ಕಾಟಾ ಸಾಫ್ಟ್‌ವೇರ್, ಇಮೇಲ್, ಇವುಗಳಲ್ಲಿದ್ದ ಖಾತೆಗಳು ಇನ್ನೊಂದು ಕಡೆ. ಎರಡನ್ನೂ ತಾಳೆ ಹಾಕಿದೆ. ಕೆಲಸಕ್ಕೆ ಕಂಪ್ಯೂಟರ್ ಮುಟ್ಟುವವರು 19 ಜನ, ಮಿಲ್ಲು ಮತ್ತು ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯ ಆಫೀಸು ಎರಡೂ ಸೇರಿ. ಸಿಕ್ಕ ಖಾತೆಗಳು 34. ಅದರಲ್ಲಿ ಈಗ ಸಂಬಳ ತಗೊಳ್ಳುವವರ ಹೆಸರಿನವು 14 ಮಾತ್ರ.

ಉಳಿದ 20 ಯಾರದು? ಎರಡು ವರ್ಷದ ಹಿಂದೆ ಬಿಟ್ಟುಹೋದ ಅಕೌಂಟೆಂಟ್. ಹೈದರಾಬಾದಿನಲ್ಲಿ ಓದುವ ಸಾವ್ಕಾರರ ಅಣ್ಣನ ಮಗ, ಒಂದು ಬೇಸಿಗೆ ರಜೆಯಲ್ಲಿ ಬಂದು ಕೂತಿದ್ದನಂತೆ. ಸಾಫ್ಟ್‌ವೇರ್ ರಿಪೇರಿಗೆ ಬಂದಿದ್ದ ಹುಡುಗ. 'ಟೆಸ್ಟ್', 'ಟೆಸ್ಟ್1', 'ನ್ಯೂ', 'ನ್ಯೂ ನ್ಯೂ'. ಮೂರು ಕಂಪ್ಯೂಟರ್‌ನಲ್ಲಿ ದೂರದಿಂದ ಒಳಗೆ ಬರುವ ಸಾಫ್ಟ್‌ವೇರ್ ಇತ್ತು, ಕಾಯಂ ಪಾಸ್‌ವರ್ಡ್ ಇಟ್ಟು. ಯಾರು ಹಾಕಿದ್ದು ಅಂತ ಯಾರಿಗೂ ನೆನಪಿಲ್ಲ. ಅದನ್ನು ಅವತ್ತೇ ಕಿತ್ತು ಹಾಕಿದೆ, ಯಾರನ್ನೂ ಕೇಳದೆ. ಮಿಕ್ಕಿದ್ದನ್ನು ಕೇಳಿಯೇ ಮುಚ್ಚಿದೆ.

ಇನ್ನೊಂದು ಕಡೆ, 19ರಲ್ಲಿ ಐದು ಜನಕ್ಕೆ ಸ್ವಂತ ಖಾತೆಯೇ ಇರಲಿಲ್ಲ. ಬೇರೆಯವರ ಹೆಸರಲ್ಲೇ ವರ್ಷಗಟ್ಟಲೆ ಕೆಲಸ. ಗೋದಾಮಿನ ಹಿರಿಯರೊಬ್ಬರು ಹೇಳಿದರು: "ನಂದೂ ಒಂದ್ ಹೆಸರು ಮಾಡಿಕೊಡ್ರಿ ತಮ್ಮಾ. ಆರು ವರ್ಷ ಆತು, ಕಂಪ್ಯೂಟರ್‌ದಾಗ ನಾ ಇಲ್ಲೇ ಇಲ್ಲ."

ಈಗ ಬಸವರಾಜರ ವಿಷಯ. ಮಿಲ್ಲಿನಲ್ಲಿ ಅವರನ್ನು ಕಾಟಾ ಬಸವರಾಜ, ಬಾಯ್ಲರ್ ಬಸವರಾಜ, ಸಿರವಾರ ಬಸವರಾಜ ಅಂತ ಕರೆಯುತ್ತಾರೆ. ಲಾಗಿನ್ ಹೆಸರೂ ಹಾಗೇ ಇಟ್ಟುಬಿಡೋಣ ಅನ್ನಿಸಿತ್ತು. ಎಲ್ಲರಿಗೂ ಗೊತ್ತಿರೋ ಹೆಸರು, ಒಬ್ಬರಿಗೊಬ್ಬರು ಬೆರೆಯಲ್ಲ. ಕಾಟಾ ಬಸವರಾಜನನ್ನು ಕರೆದೆ. ಅವನು ಗೋದಾಮಿನಿಂದ ಬಂದ. ಕಾಟಾ ಬಿಟ್ಟು ಮೂರು ವರ್ಷ ಆಯಿತಂತೆ, ಹೆಸರು ಮಾತ್ರ ಬಿಟ್ಟಿಲ್ಲ. ಬಾಯ್ಲರ್ ಬಸವರಾಜ ಈಗ ಡಿಸ್ಪ್ಯಾಚ್ ನೋಡುತ್ತಾನೆ. ಅವನು ಬಾಯ್ಲರ್ ಹತ್ತಿರ ಹೋಗೋದು ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳೋದಕ್ಕೆ ಅಷ್ಟೇ.

ಇಡೀ ಕೆಲಸದಲ್ಲಿ ನಾನು ಕಲಿತಿದ್ದು ಇಲ್ಲೇ. ಆಳು ಬೇರೆ, ಅವನು ಮಾಡುವ ಕೆಲಸ ಬೇರೆ. ಲಾಗಿನ್ ಹೆಸರಿಗೆ ಕೆಲಸ ಅಂಟಿಸಿದರೆ ಕೆಲಸ ಬದಲಾದರೂ ಹಳೆ ಅಧಿಕಾರ ಅವನ ಬೆನ್ನಿಗೇ ಬರುತ್ತದೆ. ಕಾಟಾ ಬಸವರಾಜ ಗೋದಾಮಿಗೆ ಹೋದಮೇಲೂ ತೂಕ ತಿದ್ದಬಹುದಿತ್ತು, ಯಾಕೆಂದರೆ ಯಾರೂ ತೆಗೆದಿರಲಿಲ್ಲ. ಅದಕ್ಕೇ ಹೆಸರಿನ ತಂಟೆಯೇ ಬೇಡ ಅಂತ ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟೆ. 1001ರಿಂದ ಶುರು, ಕೆಲಸಕ್ಕೆ ಸೇರಿದ ಹಿರಿತನದ ಪ್ರಕಾರ. ಹಿರಿತನ ಅಂದದ್ದಕ್ಕೆ ಜನ ಖುಷಿಯಾದರು. ಗೋದಾಮಿನ ಆ ಹಿರಿಯರು 1002. 1001 ಯಾರು ಅಂತ ಬೇರೆ ಹೇಳಬೇಕಾ?

ಸಾವ್ಕಾರರು ಎರಡು ಸಲಹೆ ಕೊಟ್ಟರು. ಒಂದು, ಆಧಾರ್ ನಂಬರನ್ನೇ ಲಾಗಿನ್ ಮಾಡಿ ಅಂತ. ಬೇಡ ಅಂದೆ. ಅದು ಜೀವನಪೂರ್ತಿ ಒಂದೇ ಇರುವ ನಂಬರು. ಕಾಟಾ ರೂಮಿನ ಸ್ಕ್ರೀನ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಡೋ ವಸ್ತು ಅಲ್ಲ. 2023ರಲ್ಲಿ ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ ಬೇರೆ ಬಂದಿದೆ. ಇಟ್ಟುಕೊಳ್ಳದ ಮಾಹಿತಿ ಕಳುವಾಗಲ್ಲ. ಎರಡನೇದು, ಹಾಜರಿ ಯಂತ್ರದ ಹಾಗೆ ಬೆರಳೊತ್ತಿ ಲಾಗಿನ್. ಅದಕ್ಕೆ ಉತ್ತರ ಅವರ ಗೇಟಿನಲ್ಲೇ ಇತ್ತು. ದಿನವಿಡೀ ಚೀಲ ಎತ್ತಿ ಎತ್ತಿ ಬೆರಳ ಗೆರೆ ಸವೆದುಹೋದ ಹಮಾಲರು ಅಲ್ಲಿ ಐದೈದು ಸಲ ಬೆರಳೊತ್ತುತ್ತಾ ನಿಂತಿರುತ್ತಾರೆ.

ಯಾರಿಗೆ ಏನು

ಮಿಲ್ಲಿನದೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದೆ. ಅಡ್ಡಕ್ಕೆ ಕೆಲಸಗಳು, ಉದ್ದಕ್ಕೆ ಗುಂಪುಗಳು: ಕಾಟಾ, ಲ್ಯಾಬ್, ಖರೀದಿ, ಗೋದಾಮು, ಡಿಸ್ಪ್ಯಾಚ್, ಲೆಕ್ಕ. ಆಮೇಲೆ ಒಂದು ಲಾರಿ ಭತ್ತದ ಹಿಂದೆ ಹೋದೆ, ನಿಜವಾಗಿಯೂ ನಡೆದುಕೊಂಡು. ಗೇಟಿನಲ್ಲಿ ತುಂಬಿದ ತೂಕ. ಲ್ಯಾಬ್‌ನಲ್ಲಿ ಹಸಿ ಎಷ್ಟು, ಕಸ ಎಷ್ಟು. ಅದರ ಮೇಲೆ ಕಡಿತ. ಆಮೇಲೆ ದರ. ಖಾಲಿ ಲಾರಿ ತೂಕ. ಬಿಲ್. ದಲಾಲರ ಲೆಕ್ಕಕ್ಕೆ ದುಡ್ಡು.

ಒಂದೇ ನಿಯಮ ಇಟ್ಟುಕೊಂಡೆ. ತೂಕ ಬರೆಯುವವನು ದರ ಬರೆಯಬಾರದು. ದರ ಬರೆಯುವವನು ದುಡ್ಡು ಕೊಡಬಾರದು. ಹಳೆ ಕಾಲದ ಗುಮಾಸ್ತರಿಗೆ ಇದು ಹೊಸದಲ್ಲ, ಕಾಟಾ ಚೀಟಿ ಒಂದು ಕೈ, ಕೈರೊಕ್ಕ ಇನ್ನೊಂದು ಕೈ ಅಂತ ಅವರೇ ನಡೆಸುತ್ತಿದ್ದರು. ಕಂಪ್ಯೂಟರ್ ಬಂದಮೇಲೆ ಎಲ್ಲ ಒಂದೇ 'ಅಡ್ಮಿನ್' ಕೈಗೆ ಹೋಯಿತು.

ಫೋಲ್ಡರ್ ಇರಲಿ, ಪ್ರಿಂಟರ್ ಇರಲಿ, ಅನುಮತಿ ಕೊಡುವುದು ಗುಂಪಿಗೆ ಮಾತ್ರ, ಆಳಿಗೆ ಅಲ್ಲ. ಆಳನ್ನು ಗುಂಪಿಗೆ ಸೇರಿಸು, ಕೆಲಸ ಬದಲಾದರೆ ತೆಗಿ. "ಇವನೊಬ್ಬನಿಗೆ ಈ ಫೋಲ್ಡರ್ ಒಂದ್ ಕೊಡ್ರಿ" ಅಂತ ಮೊದಲ ವಾರದಲ್ಲೇ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಇಲ್ಲ ಅಂದೆ. ಹಾಗೆ ಒಂದೊಂದೇ ಕೊಟ್ಟದ್ದನ್ನು ಆಮೇಲೆ ಹುಡುಕಿ ತೆಗೆಯೋದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಸರ್ವರ್

ಹೊಸ ಸರ್ವರ್ ಬಜೆಟ್ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ತಂದೆ, ಆರನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್. ಎರಡು ಹೊಸ 480 ಜಿಬಿ ಎಸ್‌ಎಸ್‌ಡಿ ಹಾಕಿ ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ಜೋಡಿಸಿದೆ. ಎಲ್ಲಿ ಇಡೋದು ಅನ್ನೋದೇ ದೊಡ್ಡ ಪ್ರಶ್ನೆ. ಅಕ್ಕಿ ಮಿಲ್ಲಿನಲ್ಲಿ ತೌಡಿನ ಧೂಳು ಬಿಡದ ಜಾಗ ಇಲ್ಲ. ಹಳೆ ಕಂಪ್ಯೂಟರ್ ಒಂದರ ಪವರ್ ಸಪ್ಲೈ ಬಿಚ್ಚಿದರೆ ಒಳಗೆ ಬೆರಳು ದಪ್ಪ ತೌಡು ಕೂತಿತ್ತು, ಫ್ಯಾನ್ ಅದರಲ್ಲೇ ಹೂತಿತ್ತು. ಕೊನೆಗೆ ಮಹಡಿ ಮೇಲೆ, ದೇವರ ಕೋಣೆ ಪಕ್ಕದ ಸಣ್ಣ ಕೋಣೆ ಸಿಕ್ಕಿತು. ಬಾಗಿಲಿಗೆ ಬೀಗ ಇದೆ, ಯುಪಿಎಸ್‌ಗೆ ಜಾಗ ಇದೆ.

ಲಿನಕ್ಸ್‌ನ ಡೆಬಿಯನ್ 12 ಹಾಕಿದೆ. ಆಗಸ್ಟ್ 9ಕ್ಕೆ 13 ಬಂದಿತ್ತು, ಆದರೆ ಬಂದ ವಾರದಲ್ಲೇ ಮಿಲ್ಲಿಗೆ ತಂದು ಪ್ರಯೋಗ ಬೇಡ ಅನ್ನಿಸಿತು. ಅದರೊಳಗೆ ಎರಡು ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರ್ ಒಳಗೇ ಓಡುವ ಕಂಪ್ಯೂಟರ್: ಒಂದು ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ (ಡೊಮೇನ್ ಅಂದರೆ ಒಂದೇ ಕಡೆಯಿಂದ ನಡೆಸುವ ಕಂಪ್ಯೂಟರ್, ಖಾತೆಗಳ ಬಳಗ), ಇನ್ನೊಂದು ಫೈಲ್‌ಗಳಿಗೆ. ಎರಡನ್ನೂ ಒಂದರಲ್ಲೇ ಇಡಬೇಡಿ ಅಂತ ಸಾಂಬಾ ಮಾಡುವವರೇ ಹೇಳುತ್ತಾರೆ.

ಹೌದು, ಸಾಂಬಾ. ಯಾರು, ಯಾರಿಗೆ ಏನು ಅಂತ ಒಂದೇ ಕಡೆ ಇಡುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ವಿಂಡೋಸ್ 2000 ಜೊತೆ ಬಂದದ್ದು. ಅದೇ ಕೆಲಸವನ್ನು ಲೈಸೆನ್ಸ್ ಖರ್ಚಿಲ್ಲದೆ ಲಿನಕ್ಸ್ ಮೇಲೆ ಮಾಡುವುದು ಸಾಂಬಾ, 2012ರ ಕೊನೆಗೆ ಬಂದ 4.0 ಆವೃತ್ತಿಯಿಂದ. ಸಾವ್ಕಾರರ ತಾಯಿ ಹೂವಿನ ಬುಟ್ಟಿ ಹಿಡಿದು ಪಕ್ಕದ ಕೋಣೆಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ಕೇಳಿದರು, "ಏನಪಾ, ಇದರ ಹೆಸರೇನು?" "ಸಾಂಬಾ ಅಮ್ಮಾ." "ಸಾಂಬ ಸದಾಶಿವ" ಅಂತ ಕೈ ಮುಗಿದು ಹೋದರು. ಆಮೇಲೆ ಆ ಕೋಣೆಗೆ ಯಾರೂ ಚಪ್ಪಲಿ ಹಾಕಿ ಬರಲಿಲ್ಲ. ಧೂಳು ಕಮ್ಮಿ ಆಯಿತು, ನನಗೆ ಅಷ್ಟೇ ಸಾಕು.

ಸೆಟಪ್ ಮಾಡುವಾಗ ನನ್ನ ಒಂದು ಸಂಜೆ ತಿಂದ ತಪ್ಪುಗಳು, ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಡೆಬಿಯನ್ ತನ್ನ ಹೆಸರನ್ನು 127.0.1.1 ಎಂಬ ತನ್ನೊಳಗಿನ ವಿಳಾಸಕ್ಕೆ ಕಟ್ಟಿಕೊಂಡಿರುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಅದನ್ನು ತೆಗೆದು ನೆಟ್‌ವರ್ಕಿನ ನಿಜವಾದ ಐಪಿ ವಿಳಾಸ ಹಾಕದಿದ್ದರೆ ಡೊಮೇನ್ ತಪ್ಪು ವಿಳಾಸ ಹಿಡಿದು ಹುಟ್ಟುತ್ತದೆ. ಸಾಂಬಾದ ಮೂರು ಮಾಮೂಲಿ ಸರ್ವಿಸ್ ನಿಲ್ಲಿಸಿ ಡೊಮೇನ್ ಕಂಟ್ರೋಲರ್‌ನ ಒಂದೇ ಸರ್ವಿಸ್ ಶುರು ಮಾಡಬೇಕು. ಎರಡೂ ಒಟ್ಟಿಗೆ ಓಡಿದರೆ ಜಗಳ. ಡೊಮೇನ್ ಹೆಸರಿನ ಕೊನೆಗೆ ಚುಕ್ಕಿ ಲೋಕಲ್ (.local) ಅಂತ ಇಡಬೇಡಿ, ನೆಟ್‌ವರ್ಕಿನಲ್ಲಿ ಪ್ರಿಂಟರ್, ಫೋನು ಹುಡುಕಾಡುವ ವ್ಯವಸ್ಥೆಯೂ ಅದೇ ಹೆಸರು ಬಳಸುತ್ತದೆ. ಮಿಲ್ಲಿನ ಇಮೇಲಿಗೆ ಅಂತ ಖರೀದಿಸಿದ ಡೊಮೇನ್ ಇತ್ತು. ಅದರ ಮುಂದೆ ಎರಡಕ್ಷರ ಸೇರಿಸಿಕೊಂಡೆ. ಈ ಹೆಸರು ಆಮೇಲೆ ಬದಲಾಯಿಸೋದು ಅಂದರೆ ಮನೆ ಕೆಡವಿ ಕಟ್ಟಿದಷ್ಟು ಕೆಲಸ, ಮೊದಲೇ ಯೋಚಿಸಿ.

ಗಂಜ್ ಆಫೀಸಿನಲ್ಲಿ ಒಂದು ಸಣ್ಣ ಮಿನಿ ಪಿಸಿಯನ್ನು ಎರಡನೇ ಕಂಟ್ರೋಲರ್ ಮಾಡಿದೆ. ಎರಡರ ನಡುವೆ ವೈರ್‌ಗಾರ್ಡ್ ಸುರಂಗ, ಅಂದರೆ ಇಂಟರ್ನೆಟ್ ಮೇಲೇ ಹೊರಗಿನವರಿಗೆ ಓದಲಾಗದ ದಾರಿ. ಮಿಲ್ಲಿನ ಫೈಬರ್ ಲೈನ್ ಕಟ್ ಆದರೂ ಗಂಜ್‌ನಲ್ಲಿ ಲಾಗಿನ್ ನಿಲ್ಲಬಾರದು. ಬಳಕೆದಾರರ ಹೆಸರು, ಪಾಸ್‌ವರ್ಡ್ ತಾನಾಗೇ ಆಚೆ ಹೋಗುತ್ತವೆ. ಆದರೆ ಗ್ರೂಪ್ ಪಾಲಿಸಿ (ಕಂಪ್ಯೂಟರ್‌ಗಳಿಗೆಲ್ಲ ಹಾಕುವ ನಿಯಮ) ಇರುವ ಸಿಸ್‌ವಾಲ್ ಫೋಲ್ಡರನ್ನು ಸಾಂಬಾ ತಾನಾಗಿ ಕಳಿಸಲ್ಲ. ಮಿಲ್ಲಿನಲ್ಲಿ ಹೊಸ ನಿಯಮ ಬಂತು, ಗಂಜ್‌ನಲ್ಲಿ ಬರಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಈಗ ಹತ್ತು ನಿಮಿಷಕ್ಕೊಮ್ಮೆ ಆರ್‌ಸಿಂಕ್ ಎಂಬ ಪ್ರೋಗ್ರಾಂ ಅದನ್ನು ನಕಲು ಮಾಡುತ್ತದೆ.

ಕಂಪ್ಯೂಟರ್‌ಗಳನ್ನು ಸೇರಿಸೋದು

11ರಲ್ಲಿ ಐದು ವಿಂಡೋಸ್ ಹೋಮ್. ಹೋಮ್ ಡೊಮೇನ್‌ಗೆ ಸೇರಲ್ಲ, ಪ್ರೋ ಬೇಕು. ಮೂರಕ್ಕೆ ಪ್ರೋ ಲೈಸೆನ್ಸ್ ಕೊಂಡೆವು. ಎರಡು ತೀರಾ ಹಳೆಯವು, ವಿಂಡೋಸ್ 10ಕ್ಕೇ ನಿಂತವು. ಅದರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯೋದಿತ್ತು. ಅವುಗಳಿಗೆ ದುಡ್ಡು ಸುರಿಯೋದು ಬೇಡ ಅಂತ ಬಿಟ್ಟೆ.

ಮೊದಲ ಮೆಷಿನ್ ಸೇರಿತು. ಎರಡನೇದು ಒಮ್ಮೆ ಸೇರುತ್ತದೆ, ಒಮ್ಮೆ ಡೊಮೇನ್ ಸಿಗಲಿಲ್ಲ ಅನ್ನುತ್ತದೆ. ಬ್ರಾಡ್‌ಬ್ಯಾಂಡ್ ರೌಟರ್ ಎಲ್ಲರಿಗೂ ಎರಡನೇ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಅಂತ ಹೊರಗಿನ 8.8.8.8 ಕೊಡುತ್ತಿತ್ತು. ನಮ್ಮ ಮಿಲ್ಲಿನೊಳಗಿನ ಹೆಸರು ಹೊರಗಿನವನಿಗೆ ಏನು ಗೊತ್ತು? ಡೊಮೇನ್ ಮೆಷಿನ್‌ಗಳಿಗೆ ನಮ್ಮ ಎರಡು ಕಂಟ್ರೋಲರ್ ಬಿಟ್ಟು ಬೇರೆ ಡಿಎನ್‌ಎಸ್ ಇರಲೇಬಾರದು. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ರೌಟರ್‌ನಲ್ಲಿ ಬಂದ್ ಮಾಡಿ ಸರ್ವರ್‌ನಿಂದಲೇ ಕೊಟ್ಟೆ.

ಅತೀ ಸತಾಯಿಸಿದ್ದು ಕಾಟಾ ಕಂಪ್ಯೂಟರ್. ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್: "ಅಣ್ಣಾ, ಫೋಲ್ಡರ್ ತೆಗಿಯವಲ್ದು." ನಾನು ಹೋಗುವಷ್ಟರಲ್ಲಿ ಸರಿಯಾಗಿರುತ್ತಿತ್ತು. ಮೂರನೇ ದಿನ ಏಳೂವರೆಗೇ ಹೋಗಿ ಕಾಟಾ ರೂಮಿನಲ್ಲಿ ಕೂತೆ. ಹುಡುಗ ಬಂದ, ಸ್ವಿಚ್ ಬೋರ್ಡ್ ಹಾಕಿದ, ಕಂಪ್ಯೂಟರ್ ಎದ್ದಿತು. ಸ್ಕ್ರೀನ್ ಮೂಲೆಯಲ್ಲಿ ತಾರೀಖು ನೋಡಿದೆ: 2015ರ ಜನವರಿ 1.

ರಾತ್ರಿ ಮನೆಗೆ ಹೋಗುವಾಗ ಮೇನ್ ಸ್ವಿಚ್ಚೇ ಆರಿಸುತ್ತಾರೆ. ಮದರ್‌ಬೋರ್ಡ್‌ನ ಗುಂಡು ಸೆಲ್ ಸತ್ತು ಎಷ್ಟು ವರ್ಷವಾಗಿತ್ತೋ. ಗಡಿಯಾರ ದಿನಾ ರಾತ್ರಿ ಹತ್ತು ವರ್ಷ ಹಿಂದೆ ಹೋಗುತ್ತಿತ್ತು. ಡೊಮೇನ್ ಲಾಗಿನ್ ನಡೆಯುವುದು ಕೆರ್ಬರೋಸ್ ಎಂಬ ಪದ್ಧತಿಯಲ್ಲಿ. ಸರ್ವರ್‌ಗೂ ಕಂಪ್ಯೂಟರ್‌ಗೂ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಬಾಗಿಲು ತೆರೆಯಲ್ಲ. ಹಳೆ ಲಾಗಿನ್ ಚೀಟಿ (ಟಿಕೆಟ್) ಕದ್ದು ತಂದವರು ಒಳಗೆ ಬರಬಾರದು ಅಂತ ಆ ನಿಯಮ. ಸ್ವಲ್ಪ ಹೊತ್ತಿಗೆ ವಿಂಡೋಸ್ ತಾನೇ ಸಮಯ ಸರಿ ಮಾಡಿಕೊಳ್ಳುತ್ತಿತ್ತು, ಅಷ್ಟರಲ್ಲಿ ನಾನು ಬರುತ್ತಿದ್ದೆ. ತೀನ್ ಕಂದಿಲ್ ಹತ್ತಿರದ ವಾಚ್ ಅಂಗಡಿಯಿಂದ ಸಿಆರ್2032 ಸೆಲ್ ತಂದು ಹಾಕಿದೆ. ಮೂರು ದಿನದ ತಲೆನೋವು ಒಂದು ಗುಂಡು ಸೆಲ್ಲಿಗೆ ಹೋಯಿತು. ಆಮೇಲೆ ಎಲ್ಲ ಹನ್ನೊಂದಕ್ಕೂ ಬದಲಾಯಿಸಿಬಿಟ್ಟೆ.

ಸರ್ವರ್‌ನ ಗಡಿಯಾರಕ್ಕೆ ಸಮಯ ಸರಿ ಇಡುವ ಕ್ರೋನಿ ಹಾಕಿ ಸರ್ಕಾರದ ಎನ್‌ಐಸಿ ಮತ್ತು ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಕಟ್ಟಿದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಹೇಳುವುದೂ ಅದನ್ನೇ. ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆಗಳನ್ನು, 180 ದಿನ ಇಡಬೇಕು ಅನ್ನೋದೂ ಅದರಲ್ಲೇ ಇದೆ, ಅದನ್ನೂ ಮಾಡಿದೆ. ಒಂದು ತಿಂಗಳ ಹಿಂದಿನದು ಸಿಗದೆ ಮೂವರು ಬೆಂಚಿನ ಮೇಲೆ ಕೂತಿದ್ದು ಕಣ್ಣೆದುರೇ ಇತ್ತಲ್ಲ.

ಕಾಟಾ ಸಾಫ್ಟ್‌ವೇರ್ ಅಡ್ಮಿನ್ ಅಧಿಕಾರ ಇಲ್ಲದೆ ತೆರೆಯುತ್ತಿರಲಿಲ್ಲ. ಎಲ್ಲರೂ ಇಲ್ಲೇ ಸೋತು ಅಡ್ಮಿನ್ ಕೊಟ್ಟುಬಿಡೋದು. ನೋಡಿದರೆ ಅದು ತನ್ನದೇ ಫೋಲ್ಡರ್‌ನಲ್ಲಿ ಒಂದು ಫೈಲ್ ಬರೆಯಬೇಕಿತ್ತು, ಅಷ್ಟೇ. ಆ ಒಂದು ಫೋಲ್ಡರ್‌ಗೆ ಕಾಟಾ ಗುಂಪಿಗೆ ಬರೆಯುವ ಅನುಮತಿ ಕೊಟ್ಟೆ, ಓಡಿತು. ಇಲ್ಲಿ ಒಂದು ರಾಜಿಯನ್ನೂ ಮಾಡಿಕೊಂಡೆ. ಸುಗ್ಗಿಯಲ್ಲಿ ಗೇಟಿನಾಚೆ ಲಾರಿ ಸಾಲು ನಿಂತಿರುವಾಗ ಪಾಳಿ ಬದಲಾದಂತೆಲ್ಲ ವಿಂಡೋಸ್ ಲಾಗೌಟ್, ಲಾಗಿನ್ ಅಂದರೆ ಯಾರೂ ಮಾಡಲ್ಲ. ಎರಡು ದಿನದಲ್ಲಿ ಮತ್ತೆ ಗೋಡೆ ಮೇಲೆ ಪಾಸ್‌ವರ್ಡ್ ಬರುತ್ತದೆ. ಅದಕ್ಕೇ ಅಲ್ಲಿ ವಿಂಡೋಸ್‌ಗೆ ಒಂದೇ ಖಾತೆ, ಕಾಟಾ ಸಾಫ್ಟ್‌ವೇರ್ ಬಿಟ್ಟು ಬೇರೇನೂ ತೆರೆಯದ ಖಾತೆ. ಸಾಫ್ಟ್‌ವೇರ್ ಒಳಗೆ ಮಾತ್ರ ಪ್ರತಿಯೊಬ್ಬನಿಗೂ ತನ್ನ ನಂಬರು, ತನ್ನ ಪಿನ್. ತೂಕದ ಚೀಟಿಯ ಕೆಳಗೆ ಆ ನಂಬರು ಅಚ್ಚಾಗುತ್ತದೆ. ಪುಸ್ತಕದ ಪ್ರಕಾರ ಇದು ತಪ್ಪು. ಇರಲಿ.

ಪಾಸ್‌ವರ್ಡ್

ಸಾಂಬಾ ತಾನಾಗಿ ಇಡುವ ನಿಯಮ: ಕನಿಷ್ಠ 7 ಅಕ್ಷರ, 42 ದಿನಕ್ಕೊಮ್ಮೆ ಬದಲಾವಣೆ. 42 ದಿನವನ್ನು ತೆಗೆದುಹಾಕಿದೆ. ಬದಲಾಯಿಸು ಬದಲಾಯಿಸು ಅಂದರೆ ಜನ ಕೊನೆಯ 1 ಅನ್ನು 2 ಮಾಡುತ್ತಾರೆ. ಕಾರಣ ಇಲ್ಲದೆ ಬದಲಾಯಿಸಲು ಒತ್ತಾಯಿಸಬೇಡಿ ಅಂತ ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ಹೇಳಿದೆ. ಬದಲಿಗೆ ಉದ್ದ 14 ಅಕ್ಷರ ಮಾಡಿದೆ. ಗಲಾಟೆ ಆಯಿತು. ಆಗ ಎಲ್ಲರನ್ನೂ ಚಹಾಕ್ಕೆ ಕೂರಿಸಿ, ನಿಮ್ಮ ಮನೆಯ ಒಂದು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಅಂದೆ. ಅಜ್ಜಿ ಬೈಗುಳ, ಹೊಲದ ಹೆಸರು, ಎತ್ತಿನ ಹೆಸರು, ನಾಲ್ಕು ಶಬ್ದ ಸೇರಿಸಿ. ನನಗೆ ಹೇಳಬೇಡಿ. ಗೋದಾಮಿನ ಹಿರಿಯರು ಒಬ್ಬರೇ ನಗುತ್ತಾ ಟೈಪ್ ಮಾಡಿದರು. ಏನು ಬರೆದರೋ, ಇವತ್ತಿಗೂ ಮರೆತಿಲ್ಲ.

ಎಂಟು ಸಲ ತಪ್ಪಿದರೆ 15 ನಿಮಿಷ ಲಾಕ್. ಇದರಲ್ಲಿ ಗಂಜ್‌ನ ಅಕೌಂಟೆಂಟ್ ಮೇಡಂ ದಿನಾ ಸಿಕ್ಕಿಬೀಳುತ್ತಿದ್ದರು, ಪಾಸ್‌ವರ್ಡ್ ಸರಿಯಾಗಿ ಹಾಕಿದರೂ. ಹುಡುಕಿದರೆ, ಅವರು ಹಿಂದೆ ಕೂರುತ್ತಿದ್ದ ಇನ್ನೊಂದು ಕಂಪ್ಯೂಟರ್ ಅವರ ಹಳೆ ಪಾಸ್‌ವರ್ಡ್ ನೆನಪಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತಿತ್ತು. ಅಲ್ಲಿ ಉಳಿದಿದ್ದ ಪಾಸ್‌ವರ್ಡ್ ಅಳಿಸಿದೆ, ನಿಂತಿತು.

ಟ್ಯಾಲಿಯ ಬಳಕೆದಾರರು ಬೇರೆಯೇ, ಡೊಮೇನ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲೂ ಅದೇ ನಂಬರು ಕೊಟ್ಟು ಎಡಿಟ್ ಲಾಗ್ (ಪ್ರತಿ ತಿದ್ದುಪಡಿಯ ದಾಖಲೆ) ಹಾಕಿದೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಇವರದು ಪಾಲುದಾರಿಕೆ, ಕಡ್ಡಾಯ ಅಲ್ಲ. ಆದರೂ ಇರಲಿ ಅಂದರು ಸಾವ್ಕಾರ್ರು, ಮೊದಲ ಸಲ ನಾನು ಹೇಳೋ ಮುಂಚೆ.

ಮದುವೆ ಮನೆಯ ಓಟಿಪಿ

25 ಕೆಜಿ ಅಥವಾ ಅದಕ್ಕೂ ಕಮ್ಮಿ ಇರುವ, ಲೇಬಲ್ ಹಚ್ಚಿದ ಅಕ್ಕಿ ಪ್ಯಾಕಿಗೆ 2022ರ ಜುಲೈ 18ರಿಂದ 5% ಜಿಎಸ್‌ಟಿ. ನಮ್ಮ ಕಡೆ 26 ಕೆಜಿ ಚೀಲ ಅಷ್ಟೊಂದು ಯಾಕೆ ಓಡಾಡುತ್ತೆ ಅಂತ ಈಗ ಗೊತ್ತಾಯ್ತಲ್ವಾ? ಸಣ್ಣ ಪ್ಯಾಕಿನ ಲೋಡಿಗೆ ಮಾತ್ರ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿಯ ಆನ್‌ಲೈನ್ ಚೀಟಿ) ಬೇಕೇ ಬೇಕು. 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಆ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಜೊತೆ ಓಟಿಪಿ ಕಡ್ಡಾಯ. ಮಿಲ್ಲಿನಲ್ಲಿ ಇದ್ದದ್ದು ಒಂದೇ ಲಾಗಿನ್. ಓಟಿಪಿ ಹೋಗೋದು ಸಾವ್ಕಾರರ ಫೋನಿಗೆ. ಮೇ ತಿಂಗಳಲ್ಲಿ ಅವರು ಸಿಂಧನೂರಿಗೆ ಮದುವೆಗೆ ಹೋಗಿದ್ದಾಗ ಫೋನು ಮನೆಯವರ ಬ್ಯಾಗಿನಲ್ಲಿ, ಬ್ಯಾಂಡಿನ ಸದ್ದಿನಲ್ಲಿ ರಿಂಗು ಕೇಳಲ್ಲ. ಲಾರಿ ಎರಡು ಗಂಟೆ ಬಿಸಿಲಲ್ಲಿ ನಿಂತಿತಂತೆ.

ಪೋರ್ಟಲ್‌ನಲ್ಲೇ ಉಪ ಬಳಕೆದಾರರನ್ನು ಮಾಡಿಕೊಳ್ಳುವ ಅವಕಾಶ ಇದೆ. ಪ್ರತಿಯೊಬ್ಬರಿಗೂ ಅವರದೇ ಮೊಬೈಲ್ ನಂಬರು, ಓಟಿಪಿ ಅವರಿಗೇ ಬರುತ್ತದೆ. ಡಿಸ್ಪ್ಯಾಚ್‌ನ ಇಬ್ಬರಿಗೆ ಬಿಲ್ ತಯಾರಿಸುವ ಅಧಿಕಾರ ಮಾತ್ರ ಕೊಟ್ಟೆವು. ಹತ್ತು ನಿಮಿಷದ ಕೆಲಸ. ಇಡೀ ಯೋಜನೆಯಲ್ಲಿ ಸಾವ್ಕಾರ್ರು ನಿಜವಾಗಿ ಮೆಚ್ಚಿದ್ದು ಇದೊಂದನ್ನೇ, ನನ್ನ ಸಾಂಬಾವನ್ನಲ್ಲ.

ಸಾವ್ಕಾರರದೇ ಕೊನೆಯ ತಕರಾರು. "ನನಗೆ ಎಲ್ಲ ಬೇಕ್ರೀ, ನನ್ ಮಿಲ್ಲು." ನ್ಯಾಯವೇ. ಆದರೆ ದಿನಾ ಮೇಲ್ ನೋಡುವ, ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ತೆರೆಯುವ ಖಾತೆಗೇ ಎಲ್ಲ ಅಧಿಕಾರ ಇದ್ದರೆ, ಒಂದು ಕೆಟ್ಟ ಲಿಂಕ್ ಒತ್ತಿದರೆ ಇಡೀ ಮಿಲ್ಲು ಹೋಗುತ್ತದೆ. ಎಲ್ಲವನ್ನೂ ನೋಡಬಹುದಾದ, ಆದರೆ ತಿದ್ದಲಾಗದ ಖಾತೆ ಕೊಟ್ಟೆ. ಡೊಮೇನ್‌ನ ದೊಡ್ಡ ಅಡ್ಮಿನ್ ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆದು ಕವರಿಗೆ ಹಾಕಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿ ತಿಜೋರಿಯಲ್ಲಿಟ್ಟೆವು. ನಾನು ಬಸ್ಸಿನಡಿ ಸಿಕ್ಕರೂ ಮಿಲ್ಲು ನಡೆಯಬೇಕು. ನನ್ನ ದಿನದ ಕೆಲಸಕ್ಕೆ ಬೇರೆ ಅಡ್ಮಿನ್ ಖಾತೆ, ನಂದೂ ಲಾಗ್ ಆಗುತ್ತದೆ. ಆಯುಧ ಪೂಜೆ ದಿನ ಸರ್ವರ್‌ಗೂ ಕವರಿಗೂ ಕುಂಕುಮ ಹಚ್ಚಿದ್ದರು. ಸಹಿ ಕಾಣುತ್ತಿಲ್ಲ. ಹೊಸ ಕವರ್ ಮಾಡಬೇಕು.

ಮೊದಲ ವಿದಾಯ

ಅಕ್ಟೋಬರ್ ಕೊನೆಗೆ ಸಿರವಾರ ಬಸವರಾಜ ಊರ ಹತ್ತಿರವೇ ಕೆಲಸ ಸಿಕ್ಕಿತು ಅಂತ ಬಿಟ್ಟ. ಬೆಂಚಿನ ಮೇಲಿನ ಆ ದಿನ ಅವನ ಮನಸ್ಸಿನಿಂದ ಹೋಗಿರಲಿಲ್ಲ ಅಂತ ನನ್ನ ಊಹೆ, ಅವನು ಹೇಳಲಿಲ್ಲ. ಬಿಡುವವರಿಗೆ ಅಂತ ಒಂದು ಹಾಳೆ ಮಾಡಿಟ್ಟಿದ್ದೆ: ಡೊಮೇನ್, ಟ್ಯಾಲಿ, ಕಾಟಾ, ಇ-ವೇ ಬಿಲ್, ಇಮೇಲ್, ಗೇಟಿನ ಕೀಲಿ. ಸಂಬಳದ ಲೆಕ್ಕ ಚುಕ್ತಾ ಮಾಡುವಾಗಲೇ ಆ ಹಾಳೆಗೂ ಸಹಿ ಆಗಬೇಕು.

ನಾಲ್ಕು ಗಂಟೆಗೆ ಅವನ ಖಾತೆ ನಿಲ್ಲಿಸಿದೆ. ಅಳಿಸಲಿಲ್ಲ. ಅಳಿಸಿದರೆ ಅವನು ಮಾಡಿದ ಫೈಲುಗಳ ಮೇಲೆ ಹೆಸರಿನ ಬದಲು ಬರೀ ಉದ್ದದ ಅಂಕಿ ಉಳಿಯುತ್ತದೆ. ನಾಲ್ಕೂ ಇಪ್ಪತ್ತಕ್ಕೆ ನೋಡಿದರೆ ಅವನ ಕಂಪ್ಯೂಟರ್‌ನಲ್ಲಿ ಡಿಸ್ಪ್ಯಾಚ್ ಫೋಲ್ಡರ್ ಇನ್ನೂ ತೆರೆಯುತ್ತಿದೆ. ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು. ಬೆಳಿಗ್ಗೆ ಲಾಗಿನ್ ಆದಾಗ ಸಿಕ್ಕ ಕೆರ್ಬರೋಸ್ ಟಿಕೆಟ್‌ನ ಆಯಸ್ಸು 10 ಗಂಟೆ, ಅದು ಕೈಯಲ್ಲಿರುವವರೆಗೆ ತೆರೆದ ಬಾಗಿಲು ಹಾಗೇ ಇರುತ್ತದೆ. ಖಾತೆ ನಿಲ್ಲಿಸಿದ ಮೇಲೆ ಅವನನ್ನು ಲಾಗೌಟ್ ಮಾಡಿಸಲೂ ಬೇಕು. ಹಾಳೆಯಲ್ಲಿ ಪೆನ್ನಿನಿಂದ ಆ ಸಾಲು ಸೇರಿಸಿದೆ. ಅವನೇ ಮೌಸ್ ಹಿಡಿದು ಲಾಗೌಟ್ ಮಾಡಿ, ಮತ್ತೆ ತನ್ನ ಪಾಸ್‌ವರ್ಡ್ ಹಾಕಿ ನೋಡಿದ. ಬರಲಿಲ್ಲ. "ಆತ್ರಿ, ಇನ್ನ ನನ್ನ ಹೆಸರ್ಲೆ ಯಾರೂ ಏನೂ ಮಾಡಂಗಿಲ್ಲಲ್ಲ?" ಅಂದ. ಇಲ್ಲ ಅಂದೆ.

ಅವನ ನಂಬರು 1011. ಖಾಲಿ ಇದೆಯಲ್ಲ, ಹೊಸಬನಿಗೆ ಅದನ್ನೇ ಕೊಡಿ ಅಂತ ಆಫೀಸಿನಲ್ಲಿ ಕೇಳಿದರು. ಕೊಡಲಿಲ್ಲ, ಹೊಸಬ 1020.

ಬಾಕಿ ಇರೋದು: ಕವರು, ಡೊಮೇನ್ ಹೊರಗೆ ಉಳಿದ ಎರಡು ಹಳೆ ಮೆಷಿನ್, ಮತ್ತೆ ಗಂಜ್‌ನ ಪ್ರಿಂಟರ್. ಆ ಪ್ರಿಂಟರ್ ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸಲು ಫೈಲ್ ಹಂಚುವ ಹಳೇ ಭಾಷೆ ಎಸ್‌ಎಂಬಿ 1 ಒಂದನ್ನೇ ಮಾತಾಡುತ್ತದೆ. 2019ರಲ್ಲಿ ಬಂದ 4.11ರಿಂದ ಸಾಂಬಾ ಅದನ್ನು ಮುಚ್ಚಿಟ್ಟಿದೆ, ಒಂದು ಪ್ರಿಂಟರಿಗಾಗಿ ನಾನು ತೆರೆಯಲ್ಲ. ಸದ್ಯಕ್ಕೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡುತ್ತಾರೆ, ನನ್ನನ್ನು ಬೈದುಕೊಳ್ಳುತ್ತಾ.